ಕೆಂಪಿಯ ಬೆನ್ನಿಗೊಂದು ಜೀನು

ಚಪ್ಪಲಿ ಅಂಗಡಿಗೆ ಹೋದವರು ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ. ಕಚ್ಚಿದರೆ ಬೇರೆ ಜೊತೆ ಕೇಳುತ್ತಾರೆ. ಕುದುರೆಗೆ ಜೀನು ಕೊಳ್ಳುವಾಗಿನ ಫಜೀತಿ ಇರುವುದೇ ಇಲ್ಲಿ. ದುಡ್ಡು ಕೊಡುವವರು ಒಬ್ಬರು, ಕಚ್ಚಿಸಿಕೊಳ್ಳುವವರು ಇನ್ನೊಬ್ಬರು. ಕಚ್ಚಿಸಿಕೊಳ್ಳುವವರಿಗೆ ಬಾಯಿ ಇದೆ, ಮಾತಿಲ್ಲ.

ಹಾಸನದ ಕಡೆಯ ರೈತರೊಬ್ಬರು 2024ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಮಗಳಿಗೆ ಅಲ್ಲಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ, ಅಳಿಯನಿಗೆ ಕಂಪ್ಯೂಟರ್ ಕೆಲಸ. ಬರ್ಮಿಂಗ್‌ಹ್ಯಾಮಿನಿಂದ ಆಚೆ, ಹೊಲಗಳ ಅಂಚಿನಲ್ಲಿ ಮನೆ. ಪಕ್ಕದಲ್ಲೇ ಕುದುರೆ ಲಾಯ. ಮೊದಲು ಕಿಟಕಿಯಿಂದ ನೋಡುತ್ತಿದ್ದ ಮಗಳು ಆಮೇಲೆ ಬೇಲಿಯ ಬಳಿ ನಿಂತು ನೋಡಿದಳು, ಆಮೇಲೆ ಸವಾರಿ ಕಲಿತಳು, ಕೊನೆಗೆ ಹದಿಮೂರು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಂಡೇ ಬಿಟ್ಟಳು. ಕುದುರೆಗೆ ಉದ್ದದ ಇಂಗ್ಲಿಷ್ ಹೆಸರಿತ್ತು. ಅಪ್ಪನ ಬಾಯಿಗೆ ಅದು ಹತ್ತಲಿಲ್ಲ. ಬಣ್ಣ ನೋಡಿ ‘ಕೆಂಪಿ’ ಎಂದರು. ಮನೆಯಲ್ಲಿ ಈಗ ಅದೇ ಹೆಸರು.

ಮಗಳು ಕಲಿಯುತ್ತಿದ್ದುದು ಡ್ರೆಸಾಜ್. ಹೆಸರು ಕೇಳಿ ಉಡುಪಿನ ಸಮಾಚಾರವೆಂದು ತಿಳಿಯಬಾರದು. ಪಳಗಿಸುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು ಅದು. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳದಲ್ಲಿ ಕುದುರೆ ನಡೆಯಬೇಕು, ಓಡಬೇಕು, ಅಡ್ಡಡ್ಡ ಹೆಜ್ಜೆ ಇಡಬೇಕು, ಹೇಳಿದಲ್ಲಿ ಕಲ್ಲಿನಂತೆ ನಿಲ್ಲಬೇಕು. ಸವಾರ ಮಾತ್ರ ಏನೂ ಮಾಡದೆ ಸುಮ್ಮನೆ ಕುಳಿತಂತೆ ಕಾಣಬೇಕು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಇದರಲ್ಲಿ ಚಿನ್ನ ಗೆದ್ದ ಮೇಲೆ ನಮ್ಮಲ್ಲೂ ಕೆಲವರಿಗೆ ಈ ಹೆಸರು ಪರಿಚಯವಾಯಿತು. ಸವಾರನ ಸೊಂಟ ಸ್ವಲ್ಪ ಅಲುಗಿದರೂ ಕುದುರೆಗೆ ಅದು ಸೂಚನೆ. ಹಾಗಾಗಿ ಈ ಆಟದ ಜೀನೇ ಬೇರೆ. ಕೂರುವ ಜಾಗ ಆಳ, ಕಾಲಿನ ಪಕ್ಕದ ಚರ್ಮದ ರೆಕ್ಕೆ ನೇರವಾಗಿ ಕೆಳಕ್ಕೆ ಇಳಿದಿರುತ್ತದೆ. ಬೇಲಿ ಹಾರಿಸುವವರ ಜೀನಿನಲ್ಲಿ ಅದೇ ರೆಕ್ಕೆ ಮುಂದಕ್ಕೆ ಚಾಚಿರುತ್ತದೆ.

ಒಳ್ಳೆಯ ಹೊಸ ಡ್ರೆಸಾಜ್ ಜೀನಿಗೆ ಅಲ್ಲಿ ಎರಡು ಮೂರು ಸಾವಿರ ಪೌಂಡ್ ತೆರಬೇಕು. ಸಂಬಳದವರು ಹಳೆಯದನ್ನೇ ಹುಡುಕುತ್ತಾರೆ. ತಪ್ಪೇನಿಲ್ಲ. ನೋಡಿಕೊಂಡರೆ ಒಳ್ಳೆಯ ಜೀನು ಇಪ್ಪತ್ತು ವರ್ಷವಾದರೂ ಬಾಳುತ್ತದೆ. ಮಗಳ ಬಳಿ ಇದ್ದದ್ದೂ ಹಾಗೆ ಕೊಂಡದ್ದೇ. ಅದರ ಮೇಲೆ ಅವಳು ಚೆನ್ನಾಗಿ ಕೂರುತ್ತಿದ್ದಳು. ಅಷ್ಟು ಸಾಕೆಂದುಕೊಂಡಿದ್ದಳು.

ಆದರೆ ಆ ವರ್ಷ ಕೆಂಪಿಯ ಸ್ವಭಾವ ಕೆಟ್ಟಿತು. ಜೀನು ಹೊತ್ತುಕೊಂಡು ಬರುವುದು ಕಂಡರೆ ಕಿವಿ ಹಿಂದಕ್ಕೆ ಒತ್ತುತ್ತಿತ್ತು. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬರುತ್ತಿತ್ತು. ಓಡುವಾಗ ಬಾಲ ಬೀಸಾಟ, ಎಡಕ್ಕೆ ತಿರುಗೆಂದರೆ ಬೆನ್ನು ಸೆಟೆಸುವುದು. ಹೆಣ್ಣು ಕುದುರೆಯ ಬಿಂಕ ಎಂದರು ಲಾಯದವರು. ಮಗಳು ಒಂದೆರಡು ಬಾರಿ ಚಾವಟಿಯನ್ನೂ ಮುಟ್ಟಿಸಿದಳು. ಪಶುವೈದ್ಯರು ಬಂದು ಹಲ್ಲು ನೋಡಿದರು, ಗೊರಸು ನೋಡಿದರು, ನಡೆಸಿ ನೋಡಿದರು. ಎಲ್ಲಾ ಸರಿಯಿದೆ, ಜೀನು ಪರೀಕ್ಷಿಸಿ ಎಂದು ಹೇಳಿ ಹೋದರು.

ಅಪ್ಪ ಮೊದಲ ಬಾರಿ ಲಾಯಕ್ಕೆ ಹೋದದ್ದು ಈ ಹೊತ್ತಿನಲ್ಲಿ. ಹೆಗಲ ಮೇಲೆ ಟವೆಲ್ಲು, ಮೇಲೊಂದು ಅಳಿಯನ ಸ್ವೆಟರು. ಕುದುರೆ ಸವಾರಿ ಅವರು ಜನ್ಮದಲ್ಲಿ ಮಾಡಿದವರಲ್ಲ. ಆದರೆ ನಲವತ್ತು ವರ್ಷ ಎತ್ತು ಕಟ್ಟಿದವರು. ಕೆಂಪಿಯ ಕತ್ತು ಸವರಿ, ಕೈಯನ್ನು ಹಾಗೇ ಹೆಗಲ ದಿಬ್ಬದ ತನಕ ತಂದರು. ದಿಬ್ಬದ ಎರಡೂ ಪಕ್ಕ, ಅಂಗೈಗಿಂತ ಕೆಳಗೆ, ನಾಲ್ಕಾಣೆ ನಾಣ್ಯದಷ್ಟು ಅಗಲ ಬಿಳಿ ಕೂದಲು ಇತ್ತು.

“ಇದೇನಮ್ಮ?”

“ಹುಟ್ಟು ಮಚ್ಚೆ ಅಪ್ಪ. ತಗೊಂಡಾಗಲೇ ಇತ್ತು.”

“ಹುಟ್ಟು ಮಚ್ಚೆ ಎರಡೂ ಕಡೆ ಸರಿಸಮ ಬರುತ್ತಾ? ಇದು ಏನೋ ಕೂತು ಒತ್ತಿರೋದು ಕಣಮ್ಮ.”

ಅವರ ಮಾತು ಸರಿಯಾಗಿತ್ತು. ಚರ್ಮದ ಒಂದೇ ಜಾಗ ಬಹಳ ದಿನ ಒತ್ತಿಸಿಕೊಂಡರೆ ಅಲ್ಲಿ ರಕ್ತದ ಓಡಾಟ ಕುಗ್ಗುತ್ತದೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಸಾಯುತ್ತವೆ. ಆಮೇಲೆ ಹುಟ್ಟುವ ಕೂದಲು ಬಿಳಿ. ಹಿಂದಿನ ಮಾಲೀಕರ ಜೀನು ಮಾಡಿದ ಗುರುತು ಅದು. ಮಗಳು ಕೊಂಡ ಜೀನೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಕೂರುತ್ತಿತ್ತು. ಅಂದು ಸವಾರಿ ಮುಗಿಸಿ ಜೀನು ಇಳಿಸಿದಾಗ ಅಪ್ಪ ಮಗಳು ಇಬ್ಬರೂ ಬಗ್ಗಿ ನೋಡಿದರು. ಬೆನ್ನೆಲ್ಲ ಬೆವರಿನಿಂದ ಒದ್ದೆ, ಬಿಳಿ ಕೂದಲಿನ ಸುತ್ತ ಮಾತ್ರ ಒಣ. ಒತ್ತಡ ಹೆಚ್ಚಾದಲ್ಲಿ ಬೆವರೂ ಹೊರಬರುವುದಿಲ್ಲ. ಒಣಗಿದ್ದರೆ ಒಳ್ಳೆಯದೆಂದು ಇಷ್ಟು ದಿನ ತಿಳಿದಿದ್ದಳು ಮಗಳು.

ಅಪ್ಪ ಆಗ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ 1994ರ ಸುಗ್ಗಿಯ ವಿಷಯ ತೆಗೆದರು. ಆಲೆಮನೆಗೆ ಕಬ್ಬು ಹೊಡೆಯಲು ಹೊಸ ನೊಗ ಮಾಡಿಸಿದ್ದರು. ಬಡಗಿ ಒಂದು ಮಗ್ಗುಲಲ್ಲಿ ಉಬ್ಬು ಉಳಿಸಿದ್ದ. ಎಡಗೋಲಿನ ಎಳೆಯ ಹೋರಿ ಏರಿನಲ್ಲಿ ನಿಂತು ನಿಂತು ಬಿಡುತ್ತಿತ್ತು. ಮೈಗಳ್ಳ ಎಂದು ಅದಕ್ಕೆ ಬಾರುಕೋಲಿನ ಏಟು ಬಿತ್ತು. ನಾಲ್ಕನೆಯ ದಿನ ನೊಗ ಇಳಿಸಿದಾಗ ಹೆಗಲು ಬಾತು ತೆಂಗಿನಕಾಯಿ ಗಾತ್ರವಾಗಿತ್ತು. “ಹೊಡೆದಿದ್ದು ನಾನೇ. ನಿನಗೆ ನೆನಪಿರಲ್ಲ, ನೀನು ಆರು ವರ್ಷದವಳು,” ಎಂದರು. ಮಗಳಿಗೆ ನೆನಪಿತ್ತು. ಒಂದು ತಿಂಗಳು ಗಾಡಿ ಮೂಕಿ ನೆಲಕ್ಕಿಟ್ಟು ನಿಂತಿದ್ದು, ಅಪ್ಪ ದಿನಾ ಬಿಸಿನೀರಿನ ಬಟ್ಟೆ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದುದು. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನದಿಂದ ಜೀನು ಬೇಟೆ ಶುರು.

ಮೊದಲು ಅಳತೆ. ನಕಾಶೆ ಬಿಡಿಸುವವರು ಬಳಸುವ, ಬಾಗಿಸಿದಂತೆ ನಿಲ್ಲುವ ರಬ್ಬರು ಪಟ್ಟಿಯೊಂದು ಇರುತ್ತದಲ್ಲ, ಅದನ್ನು ತಂದರು. ಕುದುರೆಯನ್ನು ಸಮನೆಲದಲ್ಲಿ ನಾಲ್ಕೂ ಕಾಲು ಸಮನಾಗಿ ನಿಲ್ಲಿಸಿ, ಭುಜದ ಮೂಳೆಯ ಹಿಂದೆ ಪಟ್ಟಿಯನ್ನು ಬೆನ್ನಿಗೆ ಅಡ್ಡಲಾಗಿ ಒತ್ತಿ, ಆಕಾರ ಕೆಡದಂತೆ ತೆಗೆದು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದಕ್ಕಿಂತ ಹಿಂದೆ ಇನ್ನೆರಡು ಕಡೆ ಹಾಗೇ. ಬೆನ್ನಿನ ಉದ್ದಕ್ಕೂ ಒಂದು. ನಾಲ್ಕು ಗೆರೆಗಳಲ್ಲಿ ಕೆಂಪಿಯ ಬೆನ್ನು ಕಾಗದಕ್ಕೆ ಇಳಿಯಿತು. ಎಡ ಬಲ ಒಂದೇ ಸಮ ಇರಲಿಲ್ಲ. ಎಡಭುಜ ಕೊಂಚ ತುಂಬಿಕೊಂಡಿತ್ತು. ಮನುಷ್ಯರಲ್ಲೂ ಎರಡು ಪಾದ ಸಮ ಇರುವವರು ಕಡಿಮೆ.

ಇನ್ನೊಂದು ಗುರುತು ಕೊನೆಯ ಪಕ್ಕೆಲುಬು. ಕುದುರೆಗೆ 18 ಜೊತೆ ಪಕ್ಕೆಲುಬು. ಹೊಟ್ಟೆಯ ಪಕ್ಕದಲ್ಲಿ ಕೊನೆಯದನ್ನು ಬೆರಳಿಂದ ಹುಡುಕಿ, ಅದರ ಜಾಡು ಹಿಡಿದು ಬೆನ್ನಿಗೆ ಏರಿದರೆ ಸಿಗುವುದು ಲಕ್ಷ್ಮಣರೇಖೆ. ಜೀನಿನ ಭಾರ ಅದರ ಹಿಂದಕ್ಕೆ ಹೋಗಬಾರದು. ಅಲ್ಲಿಂದಾಚೆ ಕೆಳಗೆ ಪಕ್ಕೆಲುಬಿನ ಆಸರೆ ಇಲ್ಲ. ಮುಂದಕ್ಕೂ ಮಿತಿ ಇದೆ. ಮುಂಗಾಲು ಚಾಚಿದಾಗ ಭುಜದ ಹಲಗೆಯ ಮೇಲ್ತುದಿ ಹಿಂದಕ್ಕೆ ಜಾರುತ್ತದೆ. ಜೀನು ಅಲ್ಲಿ ಕುಳಿತಿದ್ದರೆ ಪ್ರತಿ ಹೆಜ್ಜೆಗೂ ಮೂಳೆ ಅದಕ್ಕೆ ಹೊಡೆದುಕೊಳ್ಳುತ್ತದೆ. ಈ ಎರಡರ ನಡುವೆ ಸಿಗುವ ಜಾಗ ಕೆಂಪಿಯಂಥ ಗಿಡ್ಡ ಬೆನ್ನಿನ ಕುದುರೆಯಲ್ಲಿ ಬಹಳ ಕಡಿಮೆ. ಸವಾರರ ಸೊಂಟಕ್ಕೆ ಹದಿನೆಂಟು ಇಂಚಿನ ಜೀನು ಬೇಕೆನಿಸಬಹುದು. ಕುದುರೆಯ ಬೆನ್ನು ಹದಿನೇಳಕ್ಕೇ ಸಾಕೆನ್ನುತ್ತದೆ.

ಮೊದಲು ನೋಡಿದ ಜೀನು ನೋಡಲು ಮದುವಣಗಿತ್ತಿ. ಕಪ್ಪು ಚರ್ಮ ಮಿರಿಮಿರಿ ಮಿಂಚುತ್ತಿತ್ತು, ಬೆಲೆಯೂ ಅಗ್ಗ. ಮಾರುವಾಕೆ ಚಹಾ ಕೊಟ್ಟು ಉಪಚರಿಸಿದರು. ಹಳೆಯ ಜೀನಿನಲ್ಲಿ ಮೊದಲು ನೋಡಬೇಕಾದ್ದು ಚರ್ಮವನ್ನಲ್ಲ, ಒಳಗಿನ ಎಲುಬುಗೂಡನ್ನು. ಪದರ ಪದರ ಮರ ಅಂಟಿಸಿ ಉಕ್ಕಿನ ಪಟ್ಟಿ ಕೂರಿಸಿ, ಇಲ್ಲವೇ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಚೌಕಟ್ಟು ಅದು. ಅಲ್ಲಿನವರು ಅದಕ್ಕೆ ಟ್ರೀ ಎನ್ನುತ್ತಾರೆ. ಕುದುರೆ ಜೀನಿನ ಸಮೇತ ಒಮ್ಮೆ ಹೊರಳಿದರೆ ಸಾಕು, ಅದು ಮುರಿಯಬಹುದು. ಹೊರಗೆ ಏನೂ ಕಾಣುವುದಿಲ್ಲ. ಮಗಳು ಜೀನಿನ ಮುಂಭಾಗವನ್ನು ತೊಡೆಗೆ ಆನಿಸಿ, ಹಿಂಭಾಗವನ್ನು ಎರಡೂ ಕೈಯಿಂದ ತನ್ನತ್ತ ಎಳೆದಳು. ಸ್ವಲ್ಪ ಬಳುಕಿದರೆ ತಪ್ಪಿಲ್ಲ, ಉಕ್ಕಿನ ಪಟ್ಟಿಯ ಗುಣ ಅದು. ಇದು ಬಳುಕಲಿಲ್ಲ, ಮಡಚಿತು. ಕೂರುವ ಚರ್ಮದ ಮೇಲೆ ಅಡ್ಡಲಾಗಿ ಒಂದು ಸುಕ್ಕು ಎದ್ದಿತು. ಚಹಾದ ಲೋಟ ಕೆಳಗಿಟ್ಟು ಎದ್ದರು.

ಎರಡನೆಯದರ ಕಥೆ ಬೇರೆ. ಎಲುಬುಗೂಡು ಗಟ್ಟಿ, ಹೊಲಿಗೆ ಗಟ್ಟಿ, ಹೊಟ್ಟೆಪಟ್ಟಿ ಸಿಕ್ಕಿಸುವ ಚರ್ಮದ ತೂತುಗಳೂ ಹಿಗ್ಗಿರಲಿಲ್ಲ. ಏಳು ದಿನ ಇಟ್ಟು ನೋಡಿ ಎಂದರು ಅಂಗಡಿಯವರು. ಮಗಳು ಮೇಲೆ ಕುಳಿತಾಗ ಸಿಂಹಾಸನದಲ್ಲಿ ಕುಳಿತಂತಾಯಿತು. ಬೆನ್ನು ನೆಟ್ಟಗೆ, ಕಾಲು ತಾನಾಗಿ ನೇರ. ಅವಳ ಮನಸ್ಸು ಅಲ್ಲೇ ನಿಂತಿತು. ಅಪ್ಪ ಮಾತ್ರ ಸವಾರಿಗೆ ಮೊದಲು ಬಟ್ಟೆಯಿಲ್ಲದೆ ಬರೀ ಬೆನ್ನ ಮೇಲೆ ಜೀನಿಡಿಸಿ, ಅಡಿಯಲ್ಲಿ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆದುಕೊಂಡು ಹೋದರು. ಮುಂದೆ ಬಿಗಿ, ಹಿಂದೆ ಬಿಗಿ, ನಡುವೆ ಕೈ ಸಲೀಸಾಗಿ ಓಡಾಡುತ್ತಿತ್ತು.

“ಸೇತುವೆ ಆಗೈತಲ್ಲಮ್ಮ ಇದು.”

ಇಂಗ್ಲೆಂಡಿನವರೂ ಈ ದೋಷವನ್ನು ಸೇತುವೆ ಎಂದೇ ಕರೆಯುತ್ತಾರೆ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಶಾಲೆಯಲ್ಲಿ ಹೇಳುವ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಸವಾರ ಮತ್ತು ಜೀನು ಸೇರಿ 66 ಕಿಲೋ ಎನ್ನೋಣ. ಅಡಿಯ ಎರಡು ದಿಂಬುಗಳು 1,200 ಚದರ ಸೆಂಟಿಮೀಟರಿನಷ್ಟು ಬೆನ್ನಿಗೆ ತಾಗಿದರೆ ಒಂದು ಚದರ ಸೆಂಟಿಮೀಟರಿಗೆ ಬೀಳುವುದು 55 ಗ್ರಾಂ. ನಡುಭಾಗ ತಾಗದೆ ನಾಲ್ಕು ಮೂಲೆಯಲ್ಲಿ ಸೇರಿ 300 ಮಾತ್ರ ತಾಗಿದರೆ 220 ಗ್ರಾಂ. ಇದು ಕುದುರೆ ನಿಂತಾಗಿನ ಲೆಕ್ಕ. ಓಡುವಾಗ ಪ್ರತಿ ಹೆಜ್ಜೆಗೂ ಇನ್ನೂ ಏರುತ್ತದೆ.

ದಪ್ಪ ಬಟ್ಟೆ ಹಾಕಿದರಾಯಿತು ಎಂದಳು ಮಗಳು. ಬಿಗಿಯಾದ ಬೂಟಿಗೆ ದಪ್ಪ ಕಾಲುಚೀಲ ಹಾಕುವ ಉಪಾಯ ಅದು. ಅವಳಿಗೂ ಗೊತ್ತಿತ್ತು. ಎರಡು ದಿನ ಜೀನನ್ನು ಮನೆಯ ಹಜಾರದಲ್ಲೇ ಇಟ್ಟುಕೊಂಡು, ಸೋಫಾದ ಕೈಯ ಮೇಲೆ ಹೇರಿ ಒಮ್ಮೆ ಕುಳಿತೂ ನೋಡಿದಳಂತೆ. ಅಳಿಯನ ಸಾಕ್ಷಿ ಇದೆ. ಐದನೆಯ ದಿನ ಹಿಂತಿರುಗಿಸಿ ಬಂದಳು.

ಮೂರನೆಯದು ಸಿಕ್ಕಿದ್ದು ವಾಲ್ಸಾಲ್ ಊರಿನ ಕಡೆ. ಬರ್ಮಿಂಗ್‌ಹ್ಯಾಮಿನ ಹತ್ತಿರದ ಈ ಊರು ಜೀನಿಗೆ ಎಷ್ಟು ಹೆಸರುವಾಸಿಯೆಂದರೆ ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ಜೀನುಗಾರರು. ನಮ್ಮಲ್ಲಿ ಅಂಥ ಊರು ಕಾನ್ಪುರ. ಹತ್ತೊಂಬತ್ತನೇ ಶತಮಾನದಲ್ಲಿ ಸೈನ್ಯಕ್ಕಾಗಿ ಬೆಳೆದ ಕಸುಬು ಅಲ್ಲಿ ಈಗಲೂ ನಡೆದಿದೆ. ಕಾನ್ಪುರದ ಜೀನಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಉಂಟು, ಹೊರದೇಶಗಳಿಗೂ ಹೋಗುತ್ತದೆ. ಕೆಂಪಿಗೆ ಸಿಕ್ಕ ಜೀನು ಹದಿನೈದು ವರ್ಷ ಹಳೆಯದು. ರೆಕ್ಕೆಯ ಮೇಲೆ ರಿಕಾಪಿನ ಬೆಲ್ಟು ಉಜ್ಜಿದ ಗುರುತು, ಮೂಲೆಯಲ್ಲಿ ಬೆಕ್ಕು ಪರಚಿದಂಥ ಗೀರು. ಮಗಳಿಗೆ ಅದನ್ನು ಕಂಡು ಉತ್ಸಾಹವೇನೂ ಬರಲಿಲ್ಲ. ಕಾಗದದ ಗೆರೆಯನ್ನು ಕತ್ತರಿಸಿ ಜೀನಿನ ಕಮಾನಿನ ಒಳಗೆ ಹಿಡಿದಾಗ ಮಾತ್ರ ಹೊಂದಿತು. ನಡುವಿನ ಕಾಲುವೆಯಲ್ಲಿ ಮುಂದಿನಿಂದ ಹಿಂದಿನವರೆಗೆ ಮೂರು ನಾಲ್ಕು ಬೆರಳು ಆಡುತ್ತಿತ್ತು. ಬೆನ್ನುಮೂಳೆಗೆ ಬೇಕಾದ್ದು ಆ ದಾರಿ.

ಇಂಗ್ಲೆಂಡಿನಲ್ಲಿ ಪರೀಕ್ಷೆ ಪಾಸು ಮಾಡಿ ಜೀನು ಹೊಂದಿಸುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಅಂಥ ಒಬ್ಬಾಕೆಯನ್ನು ಕರೆಸಿದರು. ಹೆಗಲ ದಿಬ್ಬದ ಮೇಲೆ ಬೆರಳಿಟ್ಟು ನೋಡಿದರು, ಹಿಂದೆ ನಿಂತು ನೋಡಿದರು, ಮಗಳನ್ನು ಕೂರಿಸಿ ಇಪ್ಪತ್ತು ನಿಮಿಷ ಓಡಿಸಿ ನೋಡಿದರು. ದಿಂಬಿನ ಸೀಳಿನೊಳಗೆ ಉದ್ದದ ಕಬ್ಬಿಣದ ಕಡ್ಡಿ ತೂರಿಸಿ ಎಡಗಡೆಯ ಉಣ್ಣೆ ಸ್ವಲ್ಪ ತೆಗೆದು, ಬಲಗಡೆ ಸ್ವಲ್ಪ ತುಂಬಿದರು. ಹಾಸಿಗೆ ತುಂಬುವವನ ಕೈಚಳಕ ಬಲ್ಲ ಅಪ್ಪ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತು ಒಂದು ಗಂಟೆ ನೋಡಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹೊರಡುವಾಗ ಆಕೆ ಅಪ್ಪನಿಗೆ ಹಿಡಿ ಉಣ್ಣೆ ಕೊಟ್ಟು ಹೋದರು. ಮುಟ್ಟಿ ನೋಡಲಿ ಎಂದಿರಬೇಕು.

ಜೀನು ಇಳಿಸಿದಾಗ ಬೆನ್ನ ಎರಡೂ ಬದಿ ಬೆವರು ಒಂದೇ ಸಮನಾಗಿ ಹಬ್ಬಿತ್ತು. ಕೆಂಪಿ ಕಚ್ಚಲು ಬರುವುದನ್ನು ಮಾತ್ರ ತಕ್ಷಣ ಬಿಡಲಿಲ್ಲ. ನೋವು ಹೋದರೂ ನೋವಿನ ಭಯ ಉಳಿದಿರುತ್ತದೆ. ಹೊಟ್ಟೆಪಟ್ಟಿ ಕೈಗೆತ್ತಿಕೊಂಡರೆ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಮಗಳು ದಿನಕ್ಕೊಂದು ತೂತಿನಂತೆ ನಿಧಾನವಾಗಿ ಬಿಗಿಯುವುದನ್ನು ರೂಢಿ ಮಾಡಿದಳು. ಏಳನೆಯ ವಾರ ಕುದುರೆ ತಿರುಗಿ, ಕಚ್ಚದೆ, ಅಪ್ಪನ ಟವೆಲ್ಲನ್ನು ಮೂಸಿತು. ಬಿಳಿ ಕೂದಲು ಹಾಗೇ ಇದೆ. ಅದು ಇನ್ನು ಕೆಂಪಾಗುವುದಿಲ್ಲ.

ಬೆನ್ನಿನ ಗೆರೆಗಳಿದ್ದ ಕಾಗದದ ಮೂಲೆಯಲ್ಲಿ ಅಪ್ಪ ತಾರೀಕು ಬರೆದು ಹೋಗಿದ್ದಾರೆ. ಕುದುರೆ ಪಳಗಿದಂತೆ ಬೆನ್ನಿನ ಸ್ನಾಯು ತುಂಬಿ ಆಕಾರ ಬದಲಾಗುತ್ತದೆ, ಆರು ತಿಂಗಳಿಗೊಮ್ಮೆ ಮತ್ತೆ ಗೆರೆ ಎಳೆಯಬೇಕು. ಎಳೆದ ಮೇಲೆ ಫೋಟೋ ತೆಗೆದು ಊರಿಗೆ ಕಳಿಸಬೇಕೆಂದು ಅಪ್ಪನ ಕರಾರು.

ಹಳೆಯ ಜೀನು ಗ್ಯಾರೇಜಿನಲ್ಲಿದೆ. ಅದೂ ಕೆಟ್ಟ ಜೀನಲ್ಲ, ಇನ್ನೊಂದು ಕುದುರೆಗೆ ಒಪ್ಪಬಹುದು. ಜಾಹೀರಾತು ನೋಡಿ ಒಬ್ಬರು ಫೋನು ಮಾಡಿ, ಬಣ್ಣ ಕೇಳಿದರು, ಸೀಟಿನ ಇಂಚು ಕೇಳಿದರು, ದುಡ್ಡು ಈಗಲೇ ಕಳಿಸುತ್ತೇನೆಂದರು. ಮಗಳು ಕುದುರೆಯ ಬೆನ್ನಿನ ಗೆರೆ ಕಳಿಸಿ ಎಂದಳು. ಅತ್ತಲಿಂದ ಮತ್ತೆ ಸುದ್ದಿಯಿಲ್ಲ. ಇನ್ನಿಬ್ಬರು ಬಂದರು, ಅವರದೂ ಅದೇ ಕಥೆ. ಅಳಿಯ ಪಾಪ, ಕಾರನ್ನು ರಸ್ತೆಯಲ್ಲೇ ನಿಲ್ಲಿಸುತ್ತಿದ್ದಾನೆ.