ಕದ ಹಾಕದ ಮನೆ

ನಮ್ಮ ಆಯಿಗೆ ಅಪರಿಚಿತರು ಅಂತ ಯಾರೂ ಇರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುವ ಅರ್ಧ ತಾಸಿನಲ್ಲಿ ಪಕ್ಕ ಕೂತ ಹೆಣ್ಣುಮಗಳ ತವರು ಯಾವುದು, ಮಕ್ಕಳೆಷ್ಟು, ಅತ್ತೆ ಹೇಗೆ ಎಂಬುದನ್ನೆಲ್ಲ ಕೇಳಿ ತಿಳಿದು, ರೈಲು ಬರುವ ಹೊತ್ತಿಗೆ ಆಕೆಯ ಕೈಗೆ ಎರಡು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಕೊಟ್ಟಿರುತ್ತಿದ್ದಳು. ಪೊಲೀಸ್ ಆಕ್ಷನ್ ಆದ 1948ರಲ್ಲಿ ಹುಟ್ಟಿದಾಕೆ. ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಆದರೆ ಮರಾಠಿಯವರೊಂದಿಗೆ ಮರಾಠಿ, ತೆಲುಗರೊಂದಿಗೆ ತೆಲುಗು, ಶಹಾಬಾದಿನ ಫರಸಿ ಕಲ್ಲು ಹೊತ್ತು ಬರುವ ಲಾರಿಯವರೊಂದಿಗೆ ದಖನಿ ಉರ್ದು ಮಾತಾಡುತ್ತಿದ್ದಳು. ಮಾತು ತಪ್ಪಿದರೆ ಮೊದಲು ನಗುವವಳೂ ತಾನೇ.

ಆಕೆಯ ಊರು ಸನ್ನತಿ, ನನ್ನ ಅವ್ವನ ತವರು. ಚಿತ್ತಾಪುರ ತಾಲೂಕಿನ ಭೀಮಾ ದಂಡೆಯ ಸಣ್ಣ ಊರು. ಅಲ್ಲಿನ ಚಂದ್ರಲಾಂಬೆ ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಮನೆತನಗಳಿಗೂ ಕುಲದೇವತೆ. ದರ್ಶನ ಮುಗಿಸಿದವರು ಬಿಸಿಲಿಗೆ ಬಳಲಿ ಆಯಿಯ ಮನೆಯ ಕಟ್ಟೆಗೆ ಕುಳಿತರೆ ಮೊದಲು ಒಂದು ತಂಬಿಗೆ ನೀರು, ಆಮೇಲೆ ಮಾತು, ಕೊನೆಗೆ ಪುಂಡಿ ಪಲ್ಯದ ಊಟ. “ಗುಡ್ಯಾಗಿನ ಅವ್ವ ಕರದಾಳ ಅಂತ ಬಂದಾರ. ಆಕಿ ಮಾತಾಡಂಗಿಲ್ಲ. ನಾವರ ಮಾತಾಡ್ಸಬೇಕಲ್ಲ?” ಎನ್ನುತ್ತಿದ್ದಳು.

ಇದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಅದನ್ನು ಹೇಳದಿದ್ದರೆ ಆಯಿಯ ಕಥೆ ಅರ್ಧವಾಗುತ್ತದೆ. ಕಟ್ಟೆಯ ಮೇಲಿನ ನಗು ಒಳಗಿನ ಒಲೆಯ ಮುಂದೆ ಕೂತವಳಿಗೆ ಬರೀ ಕೇಳಿಸುತ್ತಿತ್ತು. ಆ ಒಲೆಯ ಮುಂದೆ ಹತ್ತು ವರ್ಷದವಳಿದ್ದಾಗಿನಿಂದ ಕೂತವಳು ನನ್ನ ಅವ್ವ. “ಆಕಿ ಮಾತಾಡ್ತಿದ್ಳು, ನಾ ರೊಟ್ಟಿ ಬಡೀತಿದ್ದೆ,” ಎಂದು ಅವ್ವ ಎಷ್ಟೋ ಸಲ ಅಂದಿದ್ದಾಳೆ. ಅವ್ವ ಮಾತು ಕಡಿಮೆ. ಹೊಸಬರು ಬಂದರೆ ಈಗಲೂ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಸರಿಯುವವಳು.

1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಓದಿದರೆ ಅದು ಅಶೋಕನ ಶಾಸನ. ಎರಡೂ ಮಗ್ಗುಲಿಗೆ ಕೆತ್ತಿದ ಬ್ರಾಹ್ಮಿ ಲಿಪಿ, ಪೀಠ ಮಾಡಲು ನಡುವೆ ಕೊರೆದ ತೂತು. ಕಲ್ಲು ನೋಡಲು ಬಂದವರಿಗೆಲ್ಲ ಆಯಿ ಮಜ್ಜಿಗೆ ಕೊಟ್ಟಳಂತೆ. ಅಶೋಕ ಯಾರೆಂದು ಯಾರೋ ತಿಳಿಸಿ ಹೇಳಿದಾಗ ಅವಳು ಅಂದದ್ದಿಷ್ಟು: “ಯಾವ ರಾಜರ ಇರಲಿ, ಇಷ್ಟ್ ದಿನ ನಮ್ಮವ್ವನ ಭಾರ ಹೊತ್ತಾನಲ್ಲ!”

ಮುಂದೆ ನಾನು ಕಲಬುರಗಿಯಲ್ಲಿ ಇತಿಹಾಸ ಓದುವಾಗ, ಸನ್ನತಿಯ ಮಗ್ಗುಲಿನ ಕನಗನಹಳ್ಳಿಯ ಸ್ತೂಪದ ಬಗ್ಗೆ ತಿಳಿಯಿತು. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆದ ಜಾಗ ಅದು. ‘ರಾಯೊ ಅಸೋಕೊ’ ಎಂದು ಬರೆದ ಚಪ್ಪಡಿಯಲ್ಲಿ ಅಶೋಕ ರಾಣಿಯೊಂದಿಗೆ ನಿಂತಿದ್ದಾನೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದಾನ ಕೊಟ್ಟವರ ಹೆಸರುಗಳು. ಗೃಹಸ್ಥರು, ಭಿಕ್ಷುಣಿಯರು, ಹೆಣ್ಣುಮಕ್ಕಳು ಒಂದೊಂದು ಕಲ್ಲು ಕೊಟ್ಟು ಹೆಸರು ಕೆತ್ತಿಸಿದ್ದಾರೆ. ಆ ಕಾಲದ ಶಾತವಾಹನ ಅರಸರು ತಾಯಂದಿರ ಹೆಸರು ಹೊತ್ತವರು: ಗೌತಮೀಪುತ್ರ, ವಾಸಿಷ್ಠೀಪುತ್ರ. ನನಗದು ಹೊಸದೆನಿಸಲಿಲ್ಲ. ಸನ್ನತಿಯ ಓಣಿಯಲ್ಲಿ ನನ್ನ ಹೆಸರು ಯಾರೂ ಕೇಳುತ್ತಿರಲಿಲ್ಲ, “ಯಾರ ಮೊಮ್ಮಗಳವ್ವಾ ನೀ?” ಎನ್ನುತ್ತಿದ್ದರು. ಆಯಿಯ ಹೆಸರು ಹೇಳಿದರೆ ಸಾಕು, ಕೈಗೆ ಬೆಲ್ಲ ಬರುತ್ತಿತ್ತು.

ನಾಸಿಕದ ಗುಹೆಯೊಂದರಲ್ಲಿ ಗೌತಮೀಪುತ್ರ ಶಾತಕರ್ಣಿಯ ತಾಯಿ ಗೌತಮೀ ಬಲಶ್ರೀಯ ಶಾಸನವಿದೆ. ಮೊಮ್ಮಗ ಪುಲುಮಾವಿಯ ಆಳ್ವಿಕೆಯ 19ನೇ ವರ್ಷದ್ದು. ತೀರಿಹೋದ ಮಗನ ಗುಣಗಳನ್ನು ಆ ಮುದುಕಿ ಸಾಲುಸಾಲಾಗಿ ಎಣಿಸಿ ಹೇಳಿಸಿದ್ದಾಳೆ. ತನ್ನನ್ನು ಮಹಾರಾಜನ ತಾಯಿ, ಮಹಾರಾಜನ ಅಜ್ಜಿ ಎಂದು ಕರೆದುಕೊಂಡಿದ್ದಾಳೆ. ಆ ಗುಹೆಯನ್ನು ಆಕೆ ಕೊಟ್ಟದ್ದು ಭಿಕ್ಷುಗಳಿಗೆ, ಇರಲೊಂದು ನೆಲೆಯಾಗಲಿ ಎಂದು. ನೆನಪಿಗಾಗಿ ಮಾಡಿದ್ದು ಬಂದವರಿಗೊಂದು ನೆರಳೂ ಆಯಿತು.

ಹೋದ ವರ್ಷ ಆಯಿ ಹೋದಳು. ದಿನಗಳು ಮುಗಿದ ಮೇಲೆ ಮನೆಯ ಮಾತು ಬಂತು. ಮಾವಂದಿರಲ್ಲಿ ಒಬ್ಬರು ಪುಣೆ, ಒಬ್ಬರು ಹೈದರಾಬಾದ್. “ಕೀಲಿ ಹಾಕೋಣ, ಕಟ್ಟಿಗಿ ಜಾಳಿಗಿ ಬಡಸೋಣ. ಯಾರ್ಯಾರೋ ಬಂದು ಮಲಗ್ತಾರ,” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಖಾಲಿ ಮನೆ ಕಾಯುವವರು ಯಾರು? ಅವ್ವ ಹೂಂ ಅನ್ನುತ್ತಾಳೆ ಅಂತಲೇ ಎಲ್ಲರೂ ತಿಳಿದಿದ್ದೆವು. ಆ ಕಟ್ಟೆಗಾಗಿ ಅವಳಷ್ಟು ದುಡಿದವರು ಬೇರೆ ಯಾರಿದ್ದರು?

ಅವ್ವ ಅಂದಳು: “ಒಳಮನಿಗಿ ಕೀಲಿ ಹಾಕ್ರಿ. ಕಟ್ಟಿಗಿ ಬ್ಯಾಡ. ನೀರಿನ ಗಡಗಿ ತುಂಬೋದು ನಾ ನೋಡ್ಕೋತೀನಿ.”

ಚಿತ್ತಾಪುರದಿಂದ ಅವಳೀಗ ಹದಿನೈದು ದಿನಕ್ಕೊಮ್ಮೆ ಸನ್ನತಿಗೆ ಹೋಗುತ್ತಾಳೆ. ಉಳಿದ ದಿನ ನೀರು ತುಂಬಲು ಬಾಜೂ ಮನೆಯವರಿಗೆ ಹೇಳಿದ್ದಾಳೆ. ಈ ಸಲದ ಜಾತ್ರೆಗೆ ನಾನೂ ಜೊತೆಗಿದ್ದೆ. ಸೊಲ್ಲಾಪುರ ಕಡೆಯ ವಯಸ್ಸಾದ ಹೆಣ್ಣುಮಗಳೊಬ್ಬಳು ಕಟ್ಟೆ ಹತ್ತಿ, ಒಳಗೆ ಇಣುಕಿ, “ಆಯಿ ಕುಠೆ?” ಎಂದು ಕೇಳಿದಳು. ನಮಗೆ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಅವ್ವ ತಲೆಯಾಡಿಸಿದಳು. ಆಕೆಗೆ ತಿಳಿಯಿತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತುಬಿಟ್ಟಳು. ಅವ್ವ ಒಳಗೆ ಸರಿಯಲಿಲ್ಲ. ತಂಬಿಗೆ ತುಂಬಿ ಕೊಟ್ಟು, ಆಕೆಯ ಪಕ್ಕದಲ್ಲೇ ಕೂತು, ತಡೆತಡೆದು ಕೇಳಿದಳು: “ನಿಮ್ಮ ತವರು ಯಾವೂರ್ರಿ?”