ಕಂಪನಿಯ ಊರು

ಸ್ವಂತ ಊರೆಂದರೆ ಅಲ್ಲಿ ಒಂದು ಹೊಲವೋ ಮನೆಯೋ, ಕಡೆಗೆ ಕುಲದೇವತೆಯ ಗುಡಿಯೋ ಇರಬೇಕೆಂಬುದು ಬಲ್ಲವರ ಅಭಿಪ್ರಾಯ. ಹಾಗೆ ನೋಡಿದರೆ ಕೋಲಾರದ ಚಿನ್ನದ ಗಣಿಯನ್ನು ನನ್ನ ಊರೆಂದು ಹೇಳಿಕೊಳ್ಳುವುದಕ್ಕೆ ನನಗೆ ಯಾವ ಅಧಿಕಾರವೂ ಇಲ್ಲ. ಅಲ್ಲಿ ನಾವಿದ್ದ ಮನೆ ಕಂಪನಿಯದು. ಉರಿಸಿದ ದೀಪ ಕಂಪನಿಯದು. ಬೇತಮಂಗಲದಿಂದ ನಲ್ಲಿಗೆ ಬರುತ್ತಿದ್ದ ನೀರೂ ನಾನು ಹುಟ್ಟಿದ ಆಸ್ಪತ್ರೆಯೂ ಕಂಪನಿಯವೇ. ಹೊತ್ತೆಷ್ಟಾಯಿತೆಂದು ತಿಳಿಯಬೇಕಾದರೂ ಕಂಪನಿಯ ‘ಸಂಗು’ ಎಂಬ ಸೈರನ್ ಕೂಗಬೇಕಾಗಿತ್ತು. 1956ರಲ್ಲಿಯೇ ಗಣಿಗಳು ಸರ್ಕಾರದ ವಶವಾಗಿದ್ದರೂ ಜನರ ಬಾಯಲ್ಲಿ ಅದು ಕಂಪನಿಯಾಗಿಯೇ ಉಳಿದಿತ್ತು. ಇಂಥ ಪರಾಧೀನವಾದ ಊರಿನ ಮೇಲೆ ಮಮತೆ ಬೆಳೆಯುವುದು ನ್ಯಾಯವೇ ಎಂದು ಕೇಳಿದರೆ ನಾನು ಉತ್ತರ ಹೇಳಲಾರೆ. ಆದರೆ ಪೂರ್ವಿಕರ ಗ್ರಾಮ ಹಾಸನದ ಕಡೆ ಇನ್ನೂ ಸುಸ್ಥಿತಿಯಲ್ಲಿರುವಾಗ, ಎಂಬತ್ತು ದಾಟಿದ ನನ್ನ ತಾಯಿ “ಒಂದು ಸಲ ಊರಿಗೆ ಹೋಗಿಬರೋಣ” ಎಂದರೆ, ಯಾವ ಊರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮಗ ಸಾರಥ್ಯ ವಹಿಸಿದ. ತಾಯಿ ಮುಂದೆ, ಉಳಿದವರು ಪುಳಿಯೋಗರೆಯ ಡಬ್ಬಿಯೊಡನೆ ಹಿಂದೆ. ತಾಯಿಯವರು ಬೆಂಗಳೂರಿನಿಂದ ಗಣಿಗೆ ರೈಲಿನಲ್ಲಲ್ಲದೆ ಬೇರೆ ವಿಧದಲ್ಲಿ ಎಂದೂ ಹೋದವರಲ್ಲವಾದ್ದರಿಂದ, ಹೊಸಕೋಟೆ ಕೋಲಾರಗಳ ಹೆದ್ದಾರಿ ಅವರಿಗೆ ಪರದೇಶವಾಗಿ ತೋರಿತು. ಮಾಲೂರು ಬರಲಿಲ್ಲವೇಕೆ, ಟೇಕಲ್ ಎಲ್ಲಿ ಹೋಯಿತು ಎಂದು ದಾರಿಯುದ್ದಕ್ಕೂ ವಿಚಾರಿಸುತ್ತಿದ್ದರು. ಬಂಗಾರಪೇಟೆ ಬಂದಮೇಲೆಯೇ ಅವರಿಗೆ ಸಮಾಧಾನ. ಅಲ್ಲಿಂದ ಮುಂದೆ ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಶಾಖಾಮಾರ್ಗದ ನಿಲ್ದಾಣಗಳನ್ನು ಮೊಮ್ಮಗಳಿಗೆ ಕಂಠಪಾಠ ಮಾಡಿಸತೊಡಗಿದರು.

ಈ ಚಿನ್ನದ ಸಮಾಚಾರವನ್ನು ಹೊರಜಗತ್ತಿಗೆ ಬರೆದು ತಿಳಿಸಿದವನು, ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯಲು 1802ರಲ್ಲಿ ಬಂದಿದ್ದ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ. ಚಿನ್ನ ತೋರಿಸಿದವರಿಗೆ ಬಹುಮಾನವೆಂದು ಅವನು ಸಾರಿದಾಗ, ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರಿಗೇ ತೊಳೆದು ಹೊಳೆಯುವ ಕಣಗಳನ್ನು ತೋರಿಸಿದರಂತೆ. ತಲತಲಾಂತರದಿಂದ ಅವರಿಗೆ ತಿಳಿದಿದ್ದುದನ್ನು ಸಾಹೇಬನು ‘ಕಂಡುಹಿಡಿದ’ನೆಂದು ಬರೆಯುವ ಪದ್ಧತಿ ಚರಿತ್ರಕಾರರಲ್ಲಿ ಇಂದಿಗೂ ಇದೆ. ಆ ವರದಿಯನ್ನು ಎಷ್ಟೋ ವರ್ಷಗಳ ತರುವಾಯ ಓದಿದ ಲವೆಲ್ ಎಂಬ ಐರಿಷ್ ಸಿಪಾಯಿ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲಸಿದ್ದವನು, 1871ರಲ್ಲಿ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದ. ಸರ್ಕಾರದಿಂದ ಗುತ್ತಿಗೆ ಪಡೆದ. ಹಣ ಸಾಲದೆ ಕೈಬಿಟ್ಟ. 1880ರಿಂದೀಚೆಗೆ ಜಾನ್ ಟೇಲರ್ ಕಂಪನಿಯವರ ಕಾಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳು ಬೆಳಗಿದ್ದು ಮೂರು ವರ್ಷ ತಡೆದು, 1905ರಲ್ಲಿ.

ಊರಿನ ಮುಖ್ಯ ಭಾಗವೆಲ್ಲ ನಮ್ಮ ಕಾಲ ಕೆಳಗಿತ್ತು. ನಾವು ಮಕ್ಕಳು ಅದನ್ನು ಒಮ್ಮೆಯೂ ಕಾಣಲಿಲ್ಲ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ತಳದ ಬಂಡೆ ಮುಟ್ಟಲಾರದಷ್ಟು ಬಿಸಿ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು ಅರಸಿ ವಿಜ್ಞಾನಿಗಳು ಆ ಪಾತಾಳಕ್ಕೇ ಇಳಿದು 1965ರಲ್ಲಿ ಅವುಗಳ ಗುರುತು ಹಿಡಿದರು. ಮೇಲಿನ ಬಂಡೆಯ ರಾಶಿ ಮಿಕ್ಕ ಕಣಗಳನ್ನೆಲ್ಲ ತಡೆಯುತ್ತದೆಯೆಂಬುದು ಅವರ ಯುಕ್ತಿ. ಗೃಹಿಣಿಯರಿಗೆ ಪಾತಾಳದ ಸಮಾಚಾರ ಬೇರೆ ರೀತಿಯಲ್ಲಿ ಮುಟ್ಟುತ್ತಿತ್ತು. ಕೊರೆದು ಬರಿದಾದ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿದರೆ, ಊರಿನವರು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದ ಆ ಅದುರು ಮೇಲೆ ಬಂದು ಅಡಿಗೆಮನೆಯ ಪಾತ್ರೆಗಳನ್ನು ಉರುಳಿಸುತ್ತಿತ್ತು. ಅದಕ್ಕಾಗಿ ತಂದೆಯವರು ಗೂಡಿನ ಹಲಗೆಗಳ ಅಂಚಿಗೆ ಬೆರಳಗಲದ ಮರದ ಪಟ್ಟಿ ಹೊಡೆಸಿದ್ದರು. ಪಾತ್ರೆ ಸದ್ದು ಮಾಡಿದೊಡನೆ ಬೀದಿಯ ಹೆಂಗಸರೆಲ್ಲ ಹೊರಗೆ ಬಂದು, ಯಾವ ಷಾಫ್ಟು, ಯಾರ ಪಾಳಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕಛೇರಿಯ ಗುಮಾಸ್ತೆಯ ಹೆಂಡತಿಯಾದ ತಾಯಿಗೆ ಸ್ವಂತದ ಭಯವಿರಲಿಲ್ಲ. ಆದರೂ ಅವರು ಒಲೆ ಆರಿಸಿ ಆ ಹೆಂಗಸರೊಡನೆ ನಿಲ್ಲುತ್ತಿದ್ದರು.

2001ರ ಫೆಬ್ರವರಿ ಕಡೆಯಲ್ಲಿ ಗಣಿ ಮುಚ್ಚಿತು. ಅದಿರು ಬಡವಾಗಿತ್ತು, ಖರ್ಚು ಬಲವಾಗಿತ್ತು. ಈಗ ದೂರದಿಂದಲೇ ಕಾಣುವುದು ಸೈನೈಡ್ ದಿಬ್ಬಗಳು: ಅರೆದು ಚಿನ್ನ ತೆಗೆದ ಮೇಲೆ ಉಳಿದ ಬಿಳಿಹಳದಿಯ ಪುಡಿ, ಮಳೆಗೆ ಕೊರಕಲು ಬಿದ್ದು ಸಾಲುಸಾಲಾಗಿ ನಿಂತಿದೆ. ಚಿನ್ನವೆಲ್ಲ ಎಲ್ಲಿ ಎಂದು ಮೊಮ್ಮಗಳು ಕೇಳಿದಳು. ಒಟ್ಟು ಸುಮಾರು 800 ಟನ್ನು ತೆಗೆದರೆಂದೂ, ಬ್ರಿಟಿಷರ ಕಾಲದ ಲಾಭ ಲಂಡನ್ನಿನ ಪಾಲುದಾರರಿಗೆ ಹೋಯಿತೆಂದೂ ವಿವರಿಸಿದೆ. “ಧೂಳು ಮಾತ್ರ ಇವರಿಗೆ ಬಿಟ್ಟರಾ?” ಎಂದಳು. ಗಾಳಿ ಎದ್ದ ದಿನ ಆ ಧೂಳು ಮನೆಯೊಳಗೆ ಬರುತ್ತಿದ್ದುದನ್ನು ಬಲ್ಲ ನಾನು ಅವಳ ಮಾತನ್ನು ತಿದ್ದಲಿಲ್ಲ.

ನಮ್ಮ ಹಳೆಯ ಮನೆಯಲ್ಲಿ ಈಗ ಗಣಿಕಾರ್ಮಿಕರೊಬ್ಬರ ಸೊಸೆ ಸಂಸಾರ ಹೂಡಿದ್ದಾಳೆ. ದಶಕಗಳಿಂದ ಆಡದಿದ್ದ ತಾಯಿಯ ತಮಿಳು ಹೊಸಿಲಲ್ಲಿಯೇ ಸರಾಗವಾಗಿ ಹರಿಯಿತು. ಗಂಡ ಕೆಳಗಿಳಿದಿದ್ದಾನೆಯೇ ಎಂದು ಹಳೆಯ ವಾಡಿಕೆಯಂತೆ ಕೇಳಿದರು. ಅವಳು ನಕ್ಕು, ನಸುಕಿನ ರೈಲಿಗೆ ಬೆಂಗಳೂರಿಗೆ ಹೋದವರು ರಾತ್ರಿಯೇ ಬರುವುದು ಎಂದಳು. ಕಾಫಿ ಕಾಯುವಷ್ಟರಲ್ಲಿ ತಾಯಿ ಅಡಿಗೆಮನೆಯ ಗೂಡನ್ನು ಪರೀಕ್ಷಿಸಿ, ಪಟ್ಟಿ ಕಿತ್ತವರು ಯಾರೆಂದು ವಿಚಾರಣೆಗೆ ತೊಡಗಿದ್ದರು. ಮಿಕ್ಸಿ ಹಿಡಿಸುವುದಿಲ್ಲವೆಂದು ತಾನೇ ಕೀಳಿಸಿದೆನೆಂದೂ, ಗಣಿಯೇ ನಿಂತಮೇಲೆ ಪಟ್ಟಿ ಏತಕ್ಕೆಂದೂ ಆಕೆ ವಿನಯದಿಂದಲೇ ವಾದಿಸಿದಳು. ಕಂಪನಿಯವರು ಮುಚ್ಚಿದೆವೆಂದ ಮಾತ್ರಕ್ಕೆ ಭೂಮಿ ಕೇಳಬೇಕಲ್ಲ ಎಂದು ತಾಯಿ. ಇಬ್ಬರೂ ಸೋಲಲಿಲ್ಲ, ಕಾಫಿ ಮಾತ್ರ ಆರಿತು.

ಹಿಂದಿರುಗುವಾಗ ಬಂಗಾರಪೇಟೆಯ ಪ್ರಸಿದ್ಧವಾದ ಪಾನಿಪುರಿಗಾಗಿ ಮಗ ಗಾಡಿ ನಿಲ್ಲಿಸಿದ. ಅದರ ಪಾನಿಗೆ ಬಣ್ಣವೇ ಇಲ್ಲ. ಬರಿಯ ನೀರಿಗೆ ದುಡ್ಡು ಕೊಟ್ಟೆಯಲ್ಲೋ ಎಂದು ಮೊಮ್ಮಗನನ್ನು ಆಕ್ಷೇಪಿಸುತ್ತ ಒಂದು ಪುರಿಯನ್ನು ಬಾಯಿಗಿಟ್ಟ ತಾಯಿ, ಖಾರಕ್ಕೆ ಕಣ್ಣಲ್ಲಿ ನೀರು ಬಂದು, ಸ್ವಲ್ಪ ಹೊತ್ತು ಮಾತಾಡಲಾರದೆ, ಖಾಲಿ ತಟ್ಟೆಯನ್ನು ಮತ್ತೆ ಅಂಗಡಿಯವನ ಮುಂದೆ ಚಾಚಿದರು.