ಸೇಬಿನ ಸಿಪ್ಪೆಯ ಗೆಳತಿ

ಮಗಳ ಎರಡನೇ ಬಾಣಂತನಕ್ಕೆಂದು ನಾನು ಅಮೆರಿಕದ ನ್ಯೂಜೆರ್ಸಿಗೆ ಹೋದದ್ದು 2011ರ ಸೆಪ್ಟೆಂಬರಿನಲ್ಲಿ. ಮನೆಯ ಹಿಂದೆಯೇ ಸೌತ್ ಮೌಂಟನ್ ರಿಸರ್ವೇಶನ್ ಎಂಬ ದೊಡ್ಡ ಪಾರ್ಕು. ಪಾರ್ಕು ಅಂತ ಹೆಸರು, ಸುಮಾರು ಎರಡು ಸಾವಿರ ಎಕರೆ ಕಾಡು, ಸುತ್ತಲೂ ಮನೆಗಳು. ಮಾತಿಗೆ ಯಾರೂ ಸಿಗದ ಆ ಊರಿನಲ್ಲಿ ನನಗೆ ಮೊದಲು ಪರಿಚಯವಾದದ್ದು ಒಂದು ಹೆಣ್ಣುಜಿಂಕೆ. ಜೊತೆಗೆ ಅವಳಿ ಮರಿಗಳು. ಅಲ್ಲಿಯ ಜಿಂಕೆಗೆ ಚುಕ್ಕಿ ಇರುವುದು ಮರಿಯಾಗಿದ್ದಾಗ ಮಾತ್ರ. ಬಾಲ ಎತ್ತಿದರೆ ಅಚ್ಚ ಬಿಳಿ. ಬಾಣಂತಿ ಬಾಗಿಲಿಗೆ ಬಂದರೆ ಬರಿಗೈಲಿ ಕಳಿಸುವುದುಂಟೇ? ದಿನಾ ಸೇಬಿನ ಸಿಪ್ಪೆ ಹಾಕತೊಡಗಿದೆ. ನಾಲ್ಕೇ ದಿನಕ್ಕೆ ಮೂರು ಹೋಗಿ ಒಂಬತ್ತಾದವು. ನಾನು ಕಷ್ಟಪಟ್ಟು ಬೆಳೆಸಿದ ಮೆಂತ್ಯಸೊಪ್ಪೂ ಅವುಗಳ ಪಾಲಾಯಿತು. ಹೋಗಲಿ ಬಿಡಿ, ಅದೂ ಜೀವ ತಾನೆ!

ಅಕ್ಟೋಬರಿನಲ್ಲಿ ಒಂದು ದಿನ ಮೊಮ್ಮಗನಿಗೆ ಎಣ್ಣೆನೀರು ಹಾಕುವಾಗ ತೊಡೆಯ ಮೇಲೆ ಕೆಂಪು ಬಳೆಯಂಥ ಗುರುತು ಕಂಡಿತು. ಡಾಕ್ಟರು ನೋಡಿ, ಉಣುಗು ಕಚ್ಚಿದೆ, ಇದು ಲೈಮ್ ಕಾಯಿಲೆ ಅಂದರು. ನಾನು ಸಾಗರದವಳು. ಮಂಗನ ಕಾಯಿಲೆಯ ಹೆದರಿಕೆಯಲ್ಲೇ ಬೇಸಿಗೆ ಕಳೆದವಳಿಗೆ ಉಣುಗು ಅಂದರೆ ಎದೆ ಝಲ್ಲೆನ್ನುತ್ತದೆ. ಇದು ಬೇರೆ ರೋಗ, ಬೇಗ ಗೊತ್ತಾದರೆ ಔಷಧಿಗೆ ಬಗ್ಗುತ್ತದೆ. ಅಲಕ್ಷ್ಯ ಮಾಡಿದರೆ ಕೀಲು, ನರ, ಹೃದಯಕ್ಕೂ ಹೋಗಬಹುದಂತೆ. ಮೂರು ವಾರ ಔಷಧಿ ಕುಡಿಸಿದೆವು. ಮಗು ಗುಣವಾಯಿತು.

"ಅಮ್ಮಾ, ರೋಗ ಉಣುಗಿಗೆ ಹತ್ತೋದು ಇಲಿಯಿಂದ. ಆದ್ರೆ ದೊಡ್ಡ ಉಣುಗುಗಳಿಗೆ ಜಿಂಕೇನೇ ಅನ್ನಛತ್ರ. ನೀನು ಅವನ್ನ ಅಂಗಳಕ್ಕೇ ಕರೀತಿದ್ದೀಯ," ಎಂದಳು ಮಗಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಸಿಪ್ಪೆ ಹಾಕುವುದನ್ನು ಬಿಟ್ಟೆ. ಆದರೂ ಅದು ಬಂದು ಗಾಜಿನಾಚೆ ನಿಂತು ನೋಡುತ್ತಿತ್ತು.

ಜನವರಿಯಲ್ಲಿ ಪಾರ್ಕಿನ ಬಾಗಿಲಿಗೆ ಬೋರ್ಡು ಬಿತ್ತು. ಜಿಂಕೆ ಕಡಿಮೆ ಮಾಡಲು ಬೇಟೆ. ಆ ದಿನಗಳಲ್ಲಿ ಯಾರೂ ಒಳಗೆ ಹೋಗಕೂಡದು. ಕೌಂಟಿಯವರು 2008ರಲ್ಲಿ ಶುರುಮಾಡಿದ ಕ್ರಮವಂತೆ. ಪರೀಕ್ಷೆಯಲ್ಲಿ ಪಾಸಾದ ಗುರಿಕಾರರು ಸಂಬಳವಿಲ್ಲದೆ ಬಂದು ಮರದ ಅಟ್ಟಣೆಯಿಂದ ಹೊಡೆಯುತ್ತಾರೆ. ಮಾಂಸ ಬಡವರ ಅನ್ನದ ನಿಧಿಗೆ. "ಮನೇಲಿ ಹಸುಗೂಸು ಇರುವಾಗ ಇದೆಂಥಾ ಸುದ್ದಿ!" ಎಂದು ನಾನು ಮಗಳ ಮೇಲೆ ರೇಗಿದೆ, ಅವಳೇ ಬಂದೂಕು ಹಿಡಿದವಳಂತೆ.

ಬೇಟೆ ಇಲ್ಲದ ಒಂದು ದಿನ ಪಕ್ಕದ ಮನೆಯ ಅಜ್ಜಿ ನನ್ನನ್ನು ಪಾರ್ಕಿಗೆ ಕರೆದೊಯ್ದರು. ಅಲ್ಲಲ್ಲಿ ತಂತಿಬೇಲಿ ಕಟ್ಟಿ ಜಿಂಕೆ ನುಗ್ಗದಂತೆ ಮಾಡಿದ್ದಾರೆ. ಎಲೆ ಉದುರಿದ ಕಾಲವಾದರೂ ಬೇಲಿಯೊಳಗೆ ಆಳೆತ್ತರದ ಸಸಿಗಳು ಕಿಕ್ಕಿರಿದಿದ್ದವು. ಹೊರಗೆ? ಮುದಿ ಮರಗಳು, ಅವುಗಳ ಕೆಳಗೆ ಗುಡಿಸಿಟ್ಟಂಥ ನೆಲ. ಒಂದು ಮರಿ ಮರವೂ ಇಲ್ಲ. ಮಕ್ಕಳೇ ಇಲ್ಲದ ಊರಿನ ಹಾಗೆ. ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿ ಎಲ್ಲಿಗೆ ಹೋಗಬೇಕು? ತೋಳ, ಬೆಟ್ಟದ ಸಿಂಹಗಳನ್ನು ಅಲ್ಲಿಯ ಜನ ಎಂದೋ ಮುಗಿಸಿದ್ದಾರೆ. ನಮ್ಮ ಬಂಡೀಪುರದಲ್ಲಿ ಹುಲಿ, ಕೆನ್ನಾಯಿ ಮಾಡುವ ಕೆಲಸಕ್ಕೆ ಅಲ್ಲಿ ಯಾರೂ ಇಲ್ಲ. ಬೇಟೆಯ ಮಾತು ನನ್ನ ಬಾಯಿಂದ ಈಗಲೂ ಹೊರಡದು. ಬೇಡ ಅನ್ನುವ ಧೈರ್ಯವೂ ಅಂದಿನಿಂದ ಉಳಿಯಲಿಲ್ಲ. ಫೆಬ್ರವರಿ ಕೊನೆಗೆ ನಾನು ಹೊರಡುವಾಗ ಅಂಗಳಕ್ಕೆ ಜಿಂಕೆಗಳು ಬರುತ್ತಿದ್ದವು. ನನ್ನದು ಅವುಗಳಲ್ಲಿತ್ತೋ ಇಲ್ಲವೋ, ಗುರುತು ಹಿಡಿಯಲಾಗಲಿಲ್ಲ.

ಆ ಹಸುಗೂಸು ಈಗ ನನ್ನಷ್ಟೆತ್ತರ ಆಗಿದ್ದಾಳೆ. ಈಚೆಗೆ ಮಗಳು ಫೋನಿನಲ್ಲಿ ಹೇಳಿದ್ದು: ಹತ್ತಿರದ ಸ್ಟೇಟನ್ ಐಲೆಂಡಿನಲ್ಲಿ ನ್ಯೂಯಾರ್ಕ್ ನಗರದವರು ಕೊಲ್ಲುವ ಬದಲು 2016ರಿಂದ ಗಂಡುಜಿಂಕೆಗಳನ್ನು ಹಿಡಿದು, ಮಂಪರು ಕೊಟ್ಟು ವ್ಯಾಸೆಕ್ಟಮಿ ಮಾಡಿಸಿದರಂತೆ! ಖರ್ಚು ವಿಪರೀತ, ಸುತ್ತ ನೀರಿರುವ ದ್ವೀಪವಾದ್ದರಿಂದ ನಡೆಯಿತು. ಅಲ್ಲಿಗೂ ನ್ಯೂಜೆರ್ಸಿಯ ಜಿಂಕೆಗಳು ಈಜಿಕೊಂಡೇ ಬಂದವಂತೆ, ಅದು ಬೇರೆ ಮಾತು.

"ನೋಡಿದ್ರಾ, ಅಲ್ಲಿ ಆಪರೇಷನ್ ಗಂಡಿಗೇ ಮಾಡಿದ್ದಾರೆ. ನಮ್ಮೂರಲ್ಲಿ ಆ ಸಾಲಿನಲ್ಲಿ ನಿಂತವರೆಲ್ಲ ನಾವೇ," ಎಂದೆ ಯಜಮಾನರಿಗೆ.

ಅವರು ಪೇಪರನ್ನು ಇನ್ನೂ ಸ್ವಲ್ಪ ಮೇಲೆತ್ತಿ ಹಿಡಿದರು.